ಕಥೆ ನೆನಪಿದೆ, ಪಾಠ ಮರೆತಿದೆ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 6ರಿಂದ 8ನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಸೇವೆಗೆ ಸೇರಿ ಆರು ವರ್ಷವಾಯಿತು. ಕಥೆ ಮಾಡಿ ಹೇಳಿದರೆ ಮಕ್ಕಳಿಗೆ ಮರೆಯುವುದೇ ಇಲ್ಲ ಎಂದು ತರಬೇತಿಯಲ್ಲಿ ಕೇಳಿದ್ದೆ. ಈ ವರ್ಷ 7ನೇ ತರಗತಿಗೆ ದ್ಯುತಿಸಂಶ್ಲೇಷಣೆಯನ್ನು ಹಾಗೆಯೇ ಮಾಡಿದೆ. ಎಲೆ ಒಂದು ಅಡುಗೆಮನೆ, ಪತ್ರಹರಿತ್ತು ಅಲ್ಲಿಯ ಅಡುಗೆ ಭಟ್ಟ, ಬೇರಿನಿಂದ ನೀರು ಹೊತ್ತು ತರುವ ಆಳುಗಳು, ಸೂರ್ಯಪ್ಪನ ಒಲೆ, ಹೀಗೆ. ಮಕ್ಕಳು ಕುಣಿದಾಡಿದರು. ಎರಡು ವಾರ ಬಿಟ್ಟು ಕಿರು ಪರೀಕ್ಷೆ ಕೊಟ್ಟರೆ 34 ಮಕ್ಕಳಲ್ಲಿ 11 ಮಂದಿ, ಬಿಸಿಲಿನ ಶಾಖಕ್ಕೆ ಎಲೆಯೊಳಗೆ ಆಹಾರ ಬೇಯುತ್ತದೆ ಎಂಬರ್ಥದಲ್ಲಿ ಬರೆದಿದ್ದಾರೆ. ಒಬ್ಬಳು ಭಟ್ಟನ ಚಿತ್ರ ಬಿಡಿಸಿ ಟೋಪಿಗೆ ಹಸಿರು ಬಳಿದಿದ್ದಾಳೆ. ಇಂಗಾಲದ ಡೈಆಕ್ಸೈಡ್ ಎಂದು ಬರೆದವರು ನಾಲ್ಕೈದು ಜನ. ಸಹೋದ್ಯೋಗಿಯೊಬ್ಬರು, 'ಮೇಡಂ, ಹರಿಕಥೆ ಸಾಕು, ಸಿಲೆಬಸ್ ಮುಗಿಸಿ' ಅಂದರು. ನನಗೂ ಹಾಗೇ ಅನ್ನಿಸತೊಡಗಿದೆ. ತರಗತಿಯಲ್ಲಿ ಲಂಬಾಣಿ ಮನೆಮಾತಿನ ಮಕ್ಕಳೂ ಇದ್ದಾರೆ, ಅವರಿಗೆ ಕಥೆ ಅನುಕೂಲವೋ ಹೊರೆಯೋ ತಿಳಿಯುತ್ತಿಲ್ಲ. ನಾನು ಹುಟ್ಟಾ ಕಥೆಗಾರ್ತಿಯೂ ಅಲ್ಲ. ಕಥೆ ಬಿಟ್ಟುಬಿಡಲೇ?

ಉತ್ತರ: ಮೊದಲು ಆ ಹಸಿರು ಟೋಪಿಯ ಭಟ್ಟನನ್ನು ಜೋಪಾನವಾಗಿ ಎತ್ತಿಡಿ. ಕೊನೆಯಲ್ಲಿ ಅವನಿಂದ ಒಂದು ಕೆಲಸ ಆಗಬೇಕಿದೆ.

ನಿಮ್ಮ ಆತಂಕದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಕಥೆ ನಿಜಕ್ಕೂ ನೆನಪಿಗೆ ನೆರವಾಗುತ್ತದೆಯೇ ಎಂಬುದು ಒಂದು, ಆಗುವುದಾದರೆ ನನ್ನ ತರಗತಿಯಲ್ಲಿ ಯಾಕೆ ಆಗಲಿಲ್ಲ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ನೀವು ಬಣ್ಣಿಸಿದ್ದು ಅಡುಗೆಮನೆಯನ್ನು. ಮಕ್ಕಳಿಗೆ ನೆನಪುಳಿದದ್ದೂ ಅಡುಗೆಮನೆಯೇ. ನೆನಪು ಎಲ್ಲೂ ಕೈಕೊಟ್ಟಿಲ್ಲ.

ಇದೇ ಹಳ್ಳಕ್ಕೆ ನಾನೂ ಬಿದ್ದೆದ್ದಿದ್ದೇನೆ. ತರಬೇತಿಯ ಕೆಲಸಕ್ಕೆ ಬರುವ ಮುಂಚೆ ಹದಿನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದೆ. ಆರ್ಕಿಮಿಡಿಸನ ಪಾಠ ನನ್ನ ಹೆಮ್ಮೆಯ ಐಟಂ. ತೊಟ್ಟಿ, ಉಕ್ಕಿದ ನೀರು, ಬೀದಿಯಲ್ಲಿ ಬೆತ್ತಲೆ ಓಟ, ಎಲ್ಲವನ್ನೂ ಅಭಿನಯಿಸಿ ತೋರಿಸುತ್ತಿದ್ದೆ (ಓಟದ ತನಕ, ಬಟ್ಟೆ ಸಮೇತ). ಎಷ್ಟೋ ವರ್ಷದ ಮೇಲೆ ಬಸ್ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕ. "ಸಾರ್, ಆ ಬೆತ್ತಲೆ ಓಡಿದವನ ಪಾಠ ಇವತ್ತಿಗೂ ಕಣ್ಣಿಗೆ ಕಟ್ಟಿದಂಗೈತಿ" ಅಂದ. ಯಾಕೆ ಓಡಿದ ಅಂತ ಕೇಳಿದೆ. ತಲೆ ಕೆರೆದುಕೊಂಡು, "ಏನೋ ಸಿಕ್ಕಿತ್ತಲ್ಲ ಸಾರ್, ಸೋಪು?" ಅಂದ. ನಕ್ಕೆ, ಚಹಾ ಕುಡಿಸಿದೆ. ಊರಿಗೆ ಹೋಗುವ ದಾರಿಯುದ್ದಕ್ಕೂ ಆ ಸೋಪು ತಲೆಯಲ್ಲಿ ಕೂತಿತ್ತು. ಅಂದಹಾಗೆ ಆ ಸ್ನಾನದ ಪ್ರಸಂಗ ನಮಗೆ ಸಿಗುವುದು ಆರ್ಕಿಮಿಡಿಸ್ ಸತ್ತು ಹೆಚ್ಚುಕಡಿಮೆ ಎರಡು ಶತಮಾನದ ನಂತರದ ವಿಟ್ರುವಿಯಸ್ ಎಂಬ ರೋಮನ್ ವಾಸ್ತುಶಿಲ್ಪಿಯ ಬರಹದಲ್ಲಿ. ಅದನ್ನು ಖಚಿತ ಇತಿಹಾಸ ಎಂಬಂತೆ ಹೇಳುತ್ತಿದ್ದದ್ದೂ ನನ್ನದೇ ತಪ್ಪು.

ತರಬೇತಿ ಕೊಠಡಿಗಳ ಗೋಡೆಯ ಮೇಲೆ ಒಂದು ಪಟ್ಟಿಯನ್ನು ನೀವೂ ನೋಡಿರುತ್ತೀರಿ. ಓದಿದ್ದರಲ್ಲಿ ಶೇ 10 ನೆನಪು, ಕೇಳಿದ್ದರಲ್ಲಿ ಶೇ 20, ನೋಡಿದ್ದರಲ್ಲಿ ಶೇ 30, ಹೀಗೆ ಏರುತ್ತಾ ಮಾಡಿದ್ದರಲ್ಲಿ ಶೇ 90. ಕೆಳಗೆ ಎಡ್ಗರ್ ಡೇಲ್ ಎಂಬ ಅಮೆರಿಕದ ಶಿಕ್ಷಣತಜ್ಞರ ಹೆಸರು. ಡೇಲ್ 1946ರಲ್ಲಿ ಅನುಭವಗಳ ಒಂದು ಶಂಕುವನ್ನು ಬರೆದದ್ದು ನಿಜ. ಅದರಲ್ಲಿ ಒಂದೇ ಒಂದು ಶೇಕಡಾವಾರು ಸಂಖ್ಯೆಯೂ ಇರಲಿಲ್ಲ, ಅವನ್ನು ಆಮೇಲೆ ಯಾರೋ ಅಂಟಿಸಿದರು. ಕಥೆಯನ್ನು ಇಂತಿಷ್ಟು ಪಟ್ಟು ಹೆಚ್ಚು ನೆನಪಿನ ಮಾತ್ರೆ ಎಂದು ಸಂಖ್ಯೆ ಹಚ್ಚಿ ಮಾರುವವರ ಮಾತನ್ನೂ ಇದೇ ಕಿವಿಯಿಂದ ಕೇಳಿ.

ಹಾಗೆಂದು ಕಥೆಯ ಶಕ್ತಿಯೇ ಸುಳ್ಳು ಅಂತಲ್ಲ. 1969ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಬೋವರ್ ಮತ್ತು ಕ್ಲಾರ್ಕ್ ಒಂದು ಸರಳ ಪ್ರಯೋಗ ಮಾಡಿದರು. ಹತ್ತು ಹತ್ತು ಪದಗಳ 12 ಪಟ್ಟಿ. ಒಂದು ಗುಂಪಿಗೆ ಸುಮ್ಮನೆ ಕಲಿಯಿರಿ ಎಂದರು, ಇನ್ನೊಂದಕ್ಕೆ ಪ್ರತಿ ಪಟ್ಟಿಯ ಪದಗಳನ್ನೂ ಸೇರಿಸಿ ಕಥೆ ಕಟ್ಟಿರಿ ಎಂದರು. ಒಂದೊಂದು ಪಟ್ಟಿ ಮುಗಿದ ಕೂಡಲೇ ಕೇಳಿದಾಗ ಎರಡೂ ಗುಂಪು ಸಮಸಮ. ಹನ್ನೆರಡೂ ಮುಗಿದ ಮೇಲೆ ಎಲ್ಲವನ್ನೂ ಹೇಳಿ ಎಂದಾಗ ಕಥೆ ಕಟ್ಟಿದವರು ಸುಮಾರು ಶೇ 93ರಷ್ಟು ಪದ ಹೇಳಿದರು, ಉಳಿದವರು ಶೇ 13ರಷ್ಟು. ಅಜಗಜಾಂತರ. ಆದರೆ ಎರಡು ಸಂಗತಿ ಗಮನಿಸಿ. ಕಥೆ ಕಟ್ಟಿದ್ದು ಕಲಿಯುವವರೇ, ಕಲಿಸುವವರಲ್ಲ. ಜೊತೆಗೆ, ನೆನಪಿಡಬೇಕಾದ ಪ್ರತಿ ಪದವೂ ಆ ಕಥೆಯಲ್ಲಿ ಒಂದು ಕೊಂಡಿ. ಯಾವ ಪದ ಕಿತ್ತರೂ ಸರಪಳಿ ತುಂಡಾಗುತ್ತಿತ್ತು.

ಇದಕ್ಕೆ ಎದುರಾಗಿ 1998ರಲ್ಲಿ ಹಾರ್ಪ್ ಮತ್ತು ಮೇಯರ್ ಮಾಡಿದ ಪ್ರಯೋಗಗಳನ್ನು ಇಡುತ್ತೇನೆ. ಮಿಂಚು ಹೇಗೆ ಹುಟ್ಟುತ್ತದೆ ಎಂಬ ಪಾಠಕ್ಕೆ ಅವರು ಸಿಡಿಲು ಬಡಿದವರ ರೋಚಕ ಪ್ರಸಂಗಗಳನ್ನು ಸೇರಿಸಿದರು. ಪ್ರಸಂಗ ಓದದವರಿಗಿಂತ ಓದಿದವರು ಮಿಂಚಿನ ಕಾರಣವನ್ನು ಕಡಿಮೆ ನೆನಪಿಟ್ಟುಕೊಂಡರು, ಹೊಸ ಪ್ರಶ್ನೆಗಳಿಗೆ ಉತ್ತರಿಸುವುದರಲ್ಲೂ ಹಿಂದೆ ಬಿದ್ದರು. ಇನ್ನೂ ಕುತೂಹಲದ ಮಾತೆಂದರೆ, ಆ ಪ್ರಸಂಗಗಳು ಪಾಠದ ಆರಂಭದಲ್ಲಿದ್ದಾಗ ಆದ ಹಾನಿ ಕೊನೆಯಲ್ಲಿದ್ದಾಗ ಆಗಲಿಲ್ಲ. ನಾವೆಲ್ಲ ಏನು ಮಾಡುತ್ತೇವೆ? ಪೀರಿಯಡ್ ಶುರುವಾಗುತ್ತಲೇ, 'ಮಕ್ಕಳ ಗಮನ ಸೆಳೆಯಲು' ಒಂದು ಸಿಡಿಲಿನ ಕಥೆ. ಮಗು ಪಾಠವನ್ನೆಲ್ಲ ಆ ಸಿಡಿಲಿಗೇ ಕಟ್ಟುತ್ತಾ ಕೂರುತ್ತದೆ.

ಈ ಎರಡೂ ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟರೆ ನನ್ನ ಉತ್ತರ ಸಿಗುತ್ತದೆ. ಕಥೆ ಹೆಣೆದ ಮೇಲೆ ಅದರೊಳಗಿನ ವಿಜ್ಞಾನವನ್ನು ಕಿತ್ತುನೋಡಿ. ಆಮೇಲೂ ಕಥೆ ನಿಂತಿದ್ದರೆ ಅದು ಒಗ್ಗರಣೆ. ಘಮಘಮ ಎನ್ನುತ್ತದೆ, ಹೊಟ್ಟೆಗಾಗುವುದಿಲ್ಲ. ವಿಜ್ಞಾನ ಕಿತ್ತ ಕೂಡಲೇ ಕಥೆಯೂ ಕುಸಿದರೆ ಅದು ಪಾಠ. ನನ್ನ ಆರ್ಕಿಮಿಡಿಸ್ ಸ್ಥಾನಪಲ್ಲಟ (ಮುಳುಗಿದ ವಸ್ತು ನೀರನ್ನು ಪಕ್ಕಕ್ಕೆ ತಳ್ಳುವುದು) ಇಲ್ಲದೆಯೂ ಚೆನ್ನಾಗಿಯೇ ಓಡುತ್ತಿದ್ದ. ನಿಮ್ಮ ಭಟ್ಟನೂ ಇಂಗಾಲದ ಡೈಆಕ್ಸೈಡ್ ಇಲ್ಲದೆಯೇ ಅಡುಗೆ ಮಾಡಬಲ್ಲ. ಅದಕ್ಕೇ ಅದು ಉತ್ತರಪತ್ರಿಕೆಗೆ ಬರಲಿಲ್ಲ.

ಇನ್ನೂ ಒಂದು ಮಾತು, ಬೇಸರಿಸಬೇಡಿ. ನೀವು ಹೇಳಿದ್ದು ಕಥೆಯಲ್ಲ, ಹೋಲಿಕೆ. ಕಥೆ ಎಂದರೆ ಯಾರಿಗೋ ಏನೋ ಬೇಕು, ನಡುವೆ ಒಂದು ಗಂಟು ಬೀಳುತ್ತದೆ, ಅದು ಹೇಗೆ ಬಿಚ್ಚಿಕೊಂಡಿತು ಎಂದು ತಿಳಿಯುವ ತವಕ ಕೇಳುಗನಿಗೆ ಹುಟ್ಟುತ್ತದೆ. ಅಡುಗೆಮನೆಯಲ್ಲಿ ಗಂಟಿಲ್ಲ. ಅಲ್ಲಿರುವುದು ಇದು ಅದರಂತೆ ಎಂಬ ಜೋಡಣೆ. ಹೋಲಿಕೆಗೂ ತರಗತಿಯಲ್ಲಿ ಜಾಗವಿದೆ, ಆದರೆ ಪ್ರತಿ ಹೋಲಿಕೆಯೂ ಎಲ್ಲೋ ಒಂದು ಕಡೆ ಸುಳ್ಳಾಗುತ್ತದೆ, ಆ ಜಾಗವನ್ನು ಬಾಯಿಬಿಟ್ಟು ಹೇಳಬೇಕು. ಮನೆಯ ಒಲೆ ಕೊಡುವುದು ಶಾಖ. ಎಲೆಗೆ ಬೇಕಾದದ್ದು ಬೆಳಕು. ಒಲೆಯ ಮೇಲೆ ಇದ್ದ ಅಕ್ಕಿಯೇ ಅನ್ನವಾಗುತ್ತದೆ. ಎಲೆಯಲ್ಲಿ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಸೇರಿ ಎರಡೂ ಅಲ್ಲದ ಸಕ್ಕರೆ ಹುಟ್ಟುತ್ತದೆ. ನಿಮ್ಮ 11 ಮಕ್ಕಳು ಹೋಲಿಕೆಯನ್ನು ಪ್ರಾಮಾಣಿಕವಾಗಿ ಕೊನೆಯವರೆಗೆ ಒಯ್ದಿದ್ದಾರೆ, ಒಲೆ ಇದೆ ಎಂದ ಮೇಲೆ ಬೇಯಲೇಬೇಕಲ್ಲ.

ಹಾಗಾದರೆ ಇದೇ ಪಾಠಕ್ಕೆ ಗಂಟಿರುವ ಕಥೆ ಯಾವುದು? ನಾನು ಹೇಳುವ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಕೊಡುತ್ತೇನೆ, ಏಕೆಂದರೆ ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲೇ ಇದರ ಗುಟ್ಟಿದೆ.

ಮೊದಲ ದಿನ ಒಂದೇ ಪ್ರಶ್ನೆ: ಬೇವಿನ ಬೀಜ ಕಡಲೆಕಾಳಿನಷ್ಟು, ಬೇವಿನ ಮರ ಎತ್ತಿನ ಗಾಡಿಗೂ ಹಿಡಿಸದಷ್ಟು. ಈ ನಡುವಿನ ತೂಕ ಬಂದದ್ದೆಲ್ಲಿಂದ? ಮಕ್ಕಳು ಒಕ್ಕೊರಲಿನಿಂದ 'ಮಣ್ಣಿನಿಂದ' ಅನ್ನುತ್ತಾರೆ. ಅಲ್ಲ ಎನ್ನಬೇಡಿ. ನಮ್ಮ ಊರುಗಳಲ್ಲಿ ಗೊಬ್ಬರವೇ ಗಿಡದ ಊಟ, ಮಣ್ಣೇ ತಾಯಿ. ಹಾರ್ವರ್ಡ್, ಎಂಐಟಿಯಲ್ಲಿ ಪದವಿ ಪಡೆದ ದಿನವೇ ಇಂಥ ಪ್ರಶ್ನೆ ಎದುರಾದವರೂ ಇದರಲ್ಲಿ ಎಡವಿದ್ದಾರೆ. ಆಮೇಲೆ ಕಥೆ. ಸುಮಾರು ನಾನೂರು ವರ್ಷದ ಹಿಂದೆ ಈಗಿನ ಬೆಲ್ಜಿಯಂನ ನೆಲದಲ್ಲಿ ವಾನ್ ಹೆಲ್ಮಾಂಟ್ ಎಂಬ ವೈದ್ಯನಿಗೂ ಇದೇ ಸಂಶಯ. ಒಲೆಯಲ್ಲಿ ಒಣಗಿಸಿದ ಮಣ್ಣನ್ನು ತೂಗಿ ದೊಡ್ಡ ಕುಂಡಕ್ಕೆ ತುಂಬಿದ, ಸುಮಾರು 90 ಕೆಜಿ. ಎರಡು ಕೆಜಿ ಚಿಲ್ಲರೆ ತೂಗುವ ವಿಲ್ಲೋ ಗಿಡ ನೆಟ್ಟ. ಧೂಳು ಬೀಳದ ಹಾಗೆ ತೂತಿನ ತಗಡು ಮುಚ್ಚಿದ. ಐದು ವರ್ಷ ನೀರು ಬಿಟ್ಟು ಬೇರೇನೂ ಹಾಕಲಿಲ್ಲ. ಆಮೇಲೆ ಗಿಡ ಕಿತ್ತು ತೂಗಿದರೆ ಸುಮಾರು 77 ಕೆಜಿ. ಮಣ್ಣನ್ನು ಮತ್ತೆ ಒಣಗಿಸಿ ತೂಗಿದ.

ಇಲ್ಲಿ ನಿಲ್ಲಿಸಿ. 'ಮಣ್ಣು ಎಷ್ಟು ಕಡಿಮೆಯಾಗಿರಬಹುದು?' ಎಂದು ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಒಂದು ಸಂಖ್ಯೆ ಬರೆಯಲಿ. ಬರೆಯದೆ ಮುಂದೆ ಹೋಗಬೇಡಿ. ಅರವತ್ತು ಕೆಜಿ, ಎಪ್ಪತ್ತೈದು ಕೆಜಿ ಎಂದು ಬರೆಯುತ್ತಾರೆ, ಯಾರೋ ಒಬ್ಬ ಗಾಂಭೀರ್ಯದಿಂದ ತೊಂಬತ್ತೂ ಕೆಜಿ ಎನ್ನುತ್ತಾನೆ. ಆಮೇಲೆ ಹೇಳಿ: 60 ಗ್ರಾಂ ಕೂಡ ಕಡಿಮೆಯಾಗಿರಲಿಲ್ಲ. ಆಗ ಬರುವ ಗದ್ದಲವನ್ನು ಎಷ್ಟು ತರಗತಿಯಲ್ಲಿ ಕೇಳಿದರೂ ನನಗೆ ಸಾಕಾಗಿಲ್ಲ. ಇಷ್ಟಕ್ಕೆ ಎಂಟು ನಿಮಿಷ. ಉತ್ತರ ಆ ದಿನ ಹೇಳಬಾರದು.

ಎರಡನೆಯ ದಿನ ಹೆಲ್ಮಾಂಟನ ತೀರ್ಮಾನ. ಹಾಕಿದ್ದು ನೀರು ಮಾತ್ರ, ಆದ್ದರಿಂದ ಮರವೆಲ್ಲ ನೀರಿನಿಂದಲೇ ಆಗಿದೆ ಎಂದ ಆತ. ಒಪ್ಪುತ್ತೀರಾ ಎಂದು ಕೇಳಿ. ಸುಮ್ಮನೆ ಕೇಳಿದರೆ 'ಒಪ್ತೀವಿ ಮಿಸ್' ಎಂಬ ರಾಗ ಬರುತ್ತದೆ, ಅದಕ್ಕೇ ಒಂದು ಸಾಕ್ಷಿ ಇಡಿ. ಬಚ್ಚಲ ಒಲೆಗೆ ಒಂದು ಹೊರೆ ಒಣ ಸೌದೆ ಹಾಕಿದರೆ ಬೆಳಗಾಗುವಾಗ ಉಳಿಯುವುದು ಎಷ್ಟು? ಒಂದೆರಡು ಬೊಗಸೆ ಬೂದಿ. ಮಣ್ಣಿನಿಂದ ಬಂದ ಖನಿಜಗಳ ಲೆಕ್ಕ ಬಹುಮಟ್ಟಿಗೆ ಆ ಬೂದಿಯಲ್ಲಿದೆ. ಉಳಿದದ್ದು ಹೊಗೆಯಾಗಿ, ಕಣ್ಣಿಗೆ ಕಾಣದ ಅನಿಲವಾಗಿ ಹೋಯಿತಲ್ಲ, ಎಲ್ಲಿಗೆ? ಗಾಳಿಗೆ. ಹೋದದ್ದು ಗಾಳಿಗಾದರೆ ಬಂದದ್ದು ಎಲ್ಲಿಂದ ಇರಬಹುದು? ಇಲ್ಲಿ ಯಾವುದಾದರೂ ಮಗು ಕೈ ಎತ್ತುತ್ತದೆ, ನಂಬಿ. ಒಣ ಸೌದೆಯ ತೂಕದ ಬಹುಪಾಲು ಇಂಗಾಲ ಮತ್ತು ಆಮ್ಲಜನಕ, ಅದು ಎಲೆಯ ಪತ್ರರಂಧ್ರದಿಂದ ಒಳಬಂದ ಇಂಗಾಲದ ಡೈಆಕ್ಸೈಡ್‌ನ ಕೊಡುಗೆ. ನೀರಿನಿಂದ ಹೈಡ್ರೋಜನ್ ಬಂತು, ಹಾಗಾಗಿ ಹೆಲ್ಮಾಂಟ್ ಪೂರ್ತಿ ತಪ್ಪಲ್ಲ. ಕಥೆಯ ಕುಹಕ ಇನ್ನೂ ಇದೆ. 'ಗ್ಯಾಸ್' ಎಂಬ ಪದವನ್ನು ಟಂಕಿಸಿದ್ದು ಇದೇ ಹೆಲ್ಮಾಂಟ್. ಇದ್ದಿಲು ಉರಿದಾಗ ಬರುವ ಅನಿಲವನ್ನು ಗುರುತಿಸಿ ಅದಕ್ಕೊಂದು ಹೆಸರನ್ನೂ ಕೊಟ್ಟಿದ್ದ, ಇಂದು ನಾವು ಇಂಗಾಲದ ಡೈಆಕ್ಸೈಡ್ ಎನ್ನುವುದು ಅದನ್ನೇ. ಕಳ್ಳನ ಹೆಸರು ಗೊತ್ತಿತ್ತು, ತನ್ನ ಕುಂಡದ ಮೇಲೆಯೇ ಸುಳಿದಾಡುತ್ತಿದ್ದಾನೆ ಎಂದು ಹೊಳೆಯಲಿಲ್ಲ.

ಮೂರನೆಯ ದಿನಕ್ಕೆ ಇಂಗ್ಲೆಂಡಿನ ವಿಜ್ಞಾನಿ ಪ್ರೀಸ್ಟ್ಲಿ. 1771ರ ಆಗಸ್ಟ್‌ನಲ್ಲಿ, ಮೇಣದ ಬತ್ತಿ ಉರಿದು ಆರಿದ ಗಾಳಿಯಲ್ಲಿ ಪುದೀನ ಸೊಪ್ಪಿನ ಕಡ್ಡಿ ಇಟ್ಟ. ಹತ್ತು ದಿನ ಕಳೆದ ಮೇಲೆ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು, ಗಿಡ ಬಿಟ್ಟ ಆಮ್ಲಜನಕದಿಂದ. ಆದರೆ ಆಮೇಲಿನ ಪ್ರಯತ್ನಗಳಲ್ಲಿ ಈ ಪ್ರಯೋಗ ಒಮ್ಮೆ ಬರುತ್ತಿತ್ತು, ಒಮ್ಮೆ ಕೈಕೊಡುತ್ತಿತ್ತು. ಯಾಕೆ? 1779ರಲ್ಲಿ ಇಂಗೆನ್‌ಹೌಸ್ ಎಂಬ ವೈದ್ಯ ಅದನ್ನು ಬಿಡಿಸಿದ. ಬೇಕಾದದ್ದು ಬೆಳಕು, ಅದೂ ಗಿಡದ ಹಸಿರು ಭಾಗಕ್ಕೆ ಮಾತ್ರ. ನೋಡಿ, ಬೆಳಕು, ಹಸಿರು, ನೀರು, ಇಂಗಾಲದ ಡೈಆಕ್ಸೈಡ್, ಆಮ್ಲಜನಕ, ಐದೂ ಬಂದವು. ಒಂದೊಂದೂ ಒಂದೊಂದು ಗಂಟು ಬಿಚ್ಚಲು ಬಂದವು. ಯಾವುದನ್ನು ತೆಗೆದರೂ ಕಥೆ ಮುಂದಕ್ಕೆ ಹೋಗದು.

ಇದು ದೂರದೇಶದ ಕಥೆಯಾಯಿತು ಎನಿಸಿದರೆ, 8ನೇ ತರಗತಿಯ ಸೂಕ್ಷ್ಮಜೀವಿಗಳ ಪಾಠಕ್ಕೆ ನಿಮ್ಮ ಪಕ್ಕದ ಜಿಲ್ಲೆಯದೇ ಒಂದಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಮಂಗವೂ ಮನುಷ್ಯನೂ ಒಟ್ಟಿಗೆ ಸಾಯುವುದೆಂದರೆ ಭಾರತದಲ್ಲಿ ಇಲ್ಲದ ಹಳದಿ ಜ್ವರ ಬಂದುಬಿಟ್ಟಿತೇ ಎಂದು ತಜ್ಞರಿಗೇ ದಿಗಿಲು. ಹಳದಿ ಜ್ವರ ಸೊಳ್ಳೆಯಿಂದ ಹರಡುವ ಕಾಯಿಲೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹುಡುಕಿದಾಗ ಸಿಕ್ಕಿದ್ದು ಹೊಸ ವೈರಸ್, ಹೊತ್ತು ತರುತ್ತಿದ್ದದ್ದು ಉಣ್ಣೆ ಎಂಬ ರಕ್ತ ಹೀರುವ ಹುಳ (ಉಣುಗು). ಮಂಗನ ಕಾಯಿಲೆ ಎಂದು ನಾವು ಕರೆಯುವುದು ಇದನ್ನೇ. ರೋಗಕಾರಕ, ವಾಹಕ, ಆಶ್ರಯದಾತ ಜೀವಿ ಎಂಬ ಮೂರು ಪದಗಳನ್ನು ಬೋರ್ಡಿನ ಮೇಲೆ ಬರೆದು, ಈ ಪ್ರಕರಣದಲ್ಲಿ ಯಾರು ಯಾರು ಎಂದು ಕೇಳಿದರೆ ಮಕ್ಕಳು ಪೊಲೀಸರಾಗುತ್ತಾರೆ. ಮಲೆನಾಡಿನ ಸೆರಗಿನ ಹಳ್ಳಿಯಾಗಿದ್ದರೆ ಮಾತ್ರ ಎಚ್ಚರ. ಯಾರ ಮನೆಯಲ್ಲಾದರೂ ಆ ಕಾಯಿಲೆಯಿಂದ ಸಾವು ಆಗಿದ್ದರೆ, ಅದು ಆ ಮಗುವಿಗೆ ಪತ್ತೇದಾರಿ ಕಥೆ ಆಗಿರುವುದಿಲ್ಲ.

ಇನ್ನು ಕಥೆ ಮುಗಿದ ಮೇಲಿನ ಕೆಲಸ. ಹೆಚ್ಚಿನವರು ಸೋಲುವುದು ಇಲ್ಲಿ. ಕಥೆ ಮುಗಿಯಿತು, ಗಂಟೆ ಹೊಡೆಯಿತು, ಮಕ್ಕಳು ಖುಷಿ, ನಾವೂ ಖುಷಿ. ಖುಷಿ ಕಲಿಕೆಯ ಅಳತೆಗೋಲಲ್ಲ, ಈ ಮಾತು ನನಗೆ ಹೊಳೆಯಲು ತುಂಬ ಕಾಲ ಬೇಕಾಯಿತು. ಕೇಂಬ್ರಿಜ್‌ನ ಬಾರ್ಟ್ಲೆಟ್ 1932ರಲ್ಲೇ ತೋರಿಸಿಕೊಟ್ಟಿದ್ದರು: ಅಪರಿಚಿತ ಬುಡಕಟ್ಟಿನ ಕಥೆಯೊಂದನ್ನು ಓದಿದವರು ಅದನ್ನು ಮತ್ತೆ ಹೇಳುವಾಗ ತಮಗೆ ಗೊತ್ತಿದ್ದ ಜಗತ್ತಿಗೆ ಒಗ್ಗಿಸಿಕೊಂಡೇ ಹೇಳಿದರು. ಕಿರುದೋಣಿ ದೊಡ್ಡ ದೋಣಿಯಾಯಿತು, ಸೀಲ್ ಬೇಟೆ ಮೀನುಗಾರಿಕೆಯಾಯಿತು. ನಿಮ್ಮ ಮಕ್ಕಳೂ ಹೆಲ್ಮಾಂಟನನ್ನು ತಮ್ಮೂರ ಗೊಬ್ಬರದಂಗಡಿಗೆ ಒಗ್ಗಿಸಿಕೊಳ್ಳುತ್ತಾರೆ. ಅದು ಆಗಿದೆಯೇ ಎಂದು ತಿಳಿಯಲು ಅವರಿಂದಲೇ ಹೇಳಿಸಬೇಕು, ಬರೆಸಬೇಕು.

ನಾನು ಮಾಡುವುದು ಇಷ್ಟು. ಕಥೆಯ ಮರುದಿನ ಪುಸ್ತಕ ಮುಚ್ಚಿಸಿ ಐದು ನಿಮಿಷ ಕೊಡುತ್ತೇನೆ. ಮೊದಲ ಎರಡು ನಿಮಿಷದಲ್ಲಿ ಜೋಡಿಯಾಗಿ ಒಬ್ಬರಿಗೊಬ್ಬರು ಕಥೆ ಹೇಳಿಕೊಳ್ಳಬೇಕು. ಮುಂದಿನ ಮೂರು ನಿಮಿಷ, ಹೆಲ್ಮಾಂಟ್, ಕುಂಡ, ತಗಡು ಇವ್ಯಾವ ಪದವನ್ನೂ ಬಳಸದೆ ಗಿಡದ ತೂಕ ಎಲ್ಲಿಂದ ಬಂತು ಎಂದು ಬರೆಯಬೇಕು. ಈ ಎರಡನೆಯ ಹೆಜ್ಜೆಯೇ ಜೀವಾಳ. ಕಥೆಯ ಬಟ್ಟೆ ಕಳಚಿ ವಿಷಯವನ್ನು ಹೊರತೆಗೆಯುವ ಅಭ್ಯಾಸವಾಗದ ಮಗು ಪರೀಕ್ಷೆಯಲ್ಲಿ ಭಟ್ಟನನ್ನೇ ಬಿಡಿಸುತ್ತದೆ. ಒಂದು ವಾರ ಬಿಟ್ಟು ಅದೇ ಪ್ರಶ್ನೆ ಇನ್ನೊಂದು ವೇಷದಲ್ಲಿ: 'ಹೈಡ್ರೋಪೋನಿಕ್ಸ್‌ನಲ್ಲಿ ಮಣ್ಣೇ ಇಲ್ಲದೆ ಟೊಮೆಟೊ ಬೆಳೆಯುತ್ತಾರಂತೆ, ಹೇಗೆ ಸಾಧ್ಯ?' ಓದಿದ್ದನ್ನೇ ಮತ್ತೆ ಓದಿದವರಿಗಿಂತ, ಓದಿದ್ದನ್ನು ನೆನಪಿನಿಂದ ಹೊರಗೆಳೆದು ಬರೆದವರಿಗೆ ವಾರದ ನಂತರ ಹೆಚ್ಚು ಉಳಿದಿರುತ್ತದೆ ಎಂಬುದನ್ನು ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಸೊಗಸಾಗಿ ತೋರಿಸಿದ್ದಾರೆ. ಕಥೆ ಈ ಹೊರಗೆಳೆಯುವಿಕೆಗೆ ಹಿಡಿಯಾಗುತ್ತದೆ. ಅದರ ಬದಲಿಗೆ ಬರುವಂಥದ್ದಲ್ಲ.

ಅಪಾಯಗಳಲ್ಲಿ ಒಂದನ್ನು ನಿಮ್ಮ ಕಥೆಯಿಂದಲೇ ಎತ್ತಿಕೊಳ್ಳುತ್ತೇನೆ. ಅಡುಗೆ ಭಟ್ಟ, ನೀರು ಹೊರುವ ಆಳುಗಳು. ನೀವು ಏನನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿರಲಾರಿರಿ. ಆದರೆ ನಮ್ಮ ಹಳ್ಳಿಗಳಲ್ಲಿ ಯಾರು ಅಡುಗೆಮನೆಯ ಒಳಗೆ, ಯಾರು ನೀರು ಹೊತ್ತು ಹೊರಗೆ ಎಂಬುದು ಮುಗ್ಧ ಸಂಗತಿಯಲ್ಲ, ಮಕ್ಕಳು ಅದನ್ನು ನಮಗಿಂತ ಬೇಗ ಓದುತ್ತಾರೆ. ನಾನು ಇದಕ್ಕಿಂತ ಕೆಟ್ಟದ್ದು ಮಾಡಿದ್ದೇನೆ. ಒಮ್ಮೆ ಕಥೆಯಲ್ಲಿನ ದಡ್ಡನಿಗೆ ಬಾಯಿಗೆ ಬಂದ ಹೆಸರಿಟ್ಟೆ. ಹಿಂದಿನ ಬೆಂಚಿನ ಒಬ್ಬ ಹುಡುಗನದೂ ಅದೇ ಹೆಸರು. ಆ ವರ್ಷವಿಡೀ ಅವನನ್ನು ಉಳಿದವರು ಅದೇ ಕಥೆ ಹಿಡಿದು ಕಾಡಿದರು. ಅವತ್ತಿನಿಂದ ನನ್ನ ಕಥೆಗಳಲ್ಲಿ ದಡ್ಡರಿಗೆ ಹೆಸರಿಲ್ಲ, ಯಾವ ಸೀಮೆಯ ಮಾತಿನ ಧಾಟಿಯೂ ಇಲ್ಲ.

ಸುಳ್ಳು ಇತಿಹಾಸ ಇನ್ನೊಂದು ಅಪಾಯ. ನ್ಯೂಟನ್ ತಲೆಯ ಮೇಲೆ ಸೇಬು ಬೀಳಲಿಲ್ಲ, ಬೀಳುವುದನ್ನು ನೋಡಿ ಯೋಚಿಸಿದೆ ಎಂದು ಆತ ಮುದಿವಯಸ್ಸಿನಲ್ಲಿ ಗೆಳೆಯರಿಗೆ ಹೇಳಿದ್ದ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್‌ನ ಪಂಪಿನ ಹಿಡಿಕೆ ಕಳಚಿಸಿ ಜಾನ್ ಸ್ನೋ ಕಾಲರಾ ನಿಲ್ಲಿಸಿದ ಎನ್ನುತ್ತೇವೆ. ಹಿಡಿಕೆ ಕಳಚುವಷ್ಟರಲ್ಲಿ ಜನ ಊರು ಬಿಟ್ಟು ರೋಗ ಇಳಿಮುಖವಾಗಿತ್ತು, ಸ್ನೋ ಕೂಡ ಇದನ್ನು ಒಪ್ಪಿಕೊಂಡಿದ್ದ. ನಿಜವಾದ ರಸ ಇರುವುದು ಬೇರೆ ಕಡೆ. ಅದೇ ಬೀದಿಯ ಬಿಯರ್ ಕಾರ್ಖಾನೆಯ ಕೆಲಸಗಾರರಲ್ಲಿ ಯಾರೂ ಕಾಲರಾದಿಂದ ಸಾಯಲಿಲ್ಲ, ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ವಿಧವೆಯೊಬ್ಬಳು ಸತ್ತಳು. ಆಕೆಗೆ ಆ ಪಂಪಿನ ನೀರೇ ಇಷ್ಟ, ಗಾಡಿಯಲ್ಲಿ ತರಿಸಿಕೊಳ್ಳುತ್ತಿದ್ದಳು. ನಿಜವೇ ಇಷ್ಟು ಚೆನ್ನಾಗಿರುವಾಗ ಉಪ್ಪುಖಾರ ಹಾಕುವ ಅಗತ್ಯ ಏನಿದೆ?

ಎಲ್ಲ ಪಾಠಕ್ಕೂ ಕಥೆ ಒಗ್ಗುವುದಿಲ್ಲ. ರಾಸಾಯನಿಕ ಸಮೀಕರಣ ಸರಿದೂಗಿಸುವುದು, ಏಕಮಾನ ಪರಿವರ್ತನೆ, ಕಿರಣಚಿತ್ರ ಬಿಡಿಸುವುದು, ಇವು ಕೈಗೆ ಪಳಗಬೇಕಾದವು. ಬಿಡಿಸಿದ ಮಾದರಿ ತೋರಿಸಿ, ಮಾಡಿಸಿ, ತಿದ್ದಿ. ಸೋಡಿಯಂ ಎಂಬ ಹುಡುಗ ಕ್ಲೋರಿನ್ ಎಂಬ ಹುಡುಗಿಗೆ ಎಲೆಕ್ಟ್ರಾನ್ ಉಡುಗೊರೆ ಕೊಟ್ಟ ಎಂಬ ಮದುವೆಮನೆ ಕಥೆಯನ್ನಂತೂ ದಯವಿಟ್ಟು ಕೈಬಿಡಿ. ಪರಮಾಣುಗಳಿಗೆ ಆಸೆ, ಪ್ರೀತಿ ಇರುತ್ತದೆ ಎಂದು ಪಿಯುಸಿಯ ತನಕ ನಂಬಿಕೊಂಡು ಬಂದವರನ್ನು ನೋಡಿದ್ದೇನೆ. ಇದು ನನ್ನ ಹಟ ಎಂದುಕೊಂಡರೂ ಅಡ್ಡಿಯಿಲ್ಲ.

ನೀವು ಕಥೆಗಾರ್ತಿ ಅಲ್ಲ ಎಂದಿರಿ. ಒಳ್ಳೆಯದೇ ಆಯಿತು. ತರಗತಿಯ ಕಥೆಗೆ ಬಣ್ಣ, ಗೆಜ್ಜೆ, ಮೂರು ದನಿ ಬೇಡ. ಅಭಿನಯ ಜಾಸ್ತಿಯಾದಷ್ಟೂ ಮಕ್ಕಳು ನಿಮ್ಮನ್ನು ನೋಡುತ್ತಾರೆ, ಗಂಟನ್ನು ನೋಡುವುದಿಲ್ಲ. ಬೇಕಾದದ್ದು ಎರಡೇ ಕಸುಬು: ಎಲ್ಲಿ ನಿಲ್ಲಿಸಬೇಕೆಂದು ತಿಳಿದಿರುವುದು, ನಿಲ್ಲಿಸಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದು. ಎರಡನೆಯದು ಕಷ್ಟ. ಮೌನದ ಹತ್ತು ಸೆಕೆಂಡ್ ಮೇಷ್ಟ್ರುಗಳಿಗೆ ಹತ್ತು ನಿಮಿಷದಂತೆ ಕಾಣುತ್ತದೆ.

ಲಂಬಾಣಿ ಮನೆಮಾತಿನ ಮಕ್ಕಳ ವಿಷಯ. ಸರಳ ಕ್ರಿಯಾಪದಗಳ ಕಥೆ (ತೂಗಿದ, ನೆಟ್ಟ, ಮುಚ್ಚಿದ, ಕಾದ) ಅವರಿಗೆ ಪಠ್ಯದ ಗದ್ಯಕ್ಕಿಂತ ಖಂಡಿತ ಹಗುರ. ಅಲಂಕಾರ, ಗಾದೆ, ಪದಚಮತ್ಕಾರ ತುಂಬಿದ ಕಥೆ ಎರಡು ಪಟ್ಟು ಭಾರ. ಜೋಡಿಯಲ್ಲಿ ಹೇಳಿಕೊಳ್ಳುವಾಗ ಇಬ್ಬರು ಲಂಬಾಣಿ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಅವರ ಭಾಷೆಯಲ್ಲೇ ಹೇಳಿಕೊಳ್ಳಲಿ. ದ್ಯುತಿಸಂಶ್ಲೇಷಣೆಯಂಥ ಪದಗಳು ಬೋರ್ಡಿನ ಮೂಲೆಯಲ್ಲಿರಲಿ. ಬರೆಯುವಾಗ ಕನ್ನಡಕ್ಕೆ ಬರುತ್ತಾರೆ. ಕುಂಡ, ತಕ್ಕಡಿ, ಬೂದಿ ಎದುರಿಗೇ ಇದ್ದರೆ ಭಾಷೆಯ ಅರ್ಧ ಹೊರೆ ಅವೇ ಹೊರುತ್ತವೆ.

ನಿಮ್ಮ ಸಹೋದ್ಯೋಗಿಯ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಸಮಯದ ಲೆಕ್ಕ ನಿಜ. 40 ನಿಮಿಷದ ಪೀರಿಯಡ್‌ನಲ್ಲಿ 25 ನಿಮಿಷ ಕಥೆಗೆ ಹೋದರೆ ಅವರು ಹೇಳಿದ್ದೇ ಸರಿ. ನನ್ನ ಮಿತಿ ಎಂಟು ನಿಮಿಷ. ಎಲ್ಲ ಅಧ್ಯಾಯಕ್ಕೂ ಮಾಡಲು ಹೋದರೆ ವರ್ಷದ ಕೊನೆಗೆ ನೀವೇ ಸುಸ್ತು. ಮಕ್ಕಳು ತಪ್ಪು ಕಲ್ಪನೆ ಹೊತ್ತುಕೊಂಡೇ ಬರುವ ನಾಲ್ಕೈದು ಅಧ್ಯಾಯಗಳನ್ನು ಆರಿಸಿಕೊಳ್ಳಿ, ಕಥೆಯ ಶ್ರಮ ಅಲ್ಲಿಗೆ ಸಲ್ಲಲಿ. ಉಳಿದವನ್ನು ಎಂದಿನಂತೆ ಮಾಡಿ. ಅವರನ್ನು ಒಪ್ಪಿಸಲು ವಾದ ಬೇಡ. ವಾರ ಬಿಟ್ಟು ಬರೆಸಿದ ಟೊಮೆಟೊ ಪ್ರಶ್ನೆಯ ಹಾಳೆಗಳನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಬಿಟ್ಟುಬನ್ನಿ.

ಈಗ ಆ 11 ಉತ್ತರಪತ್ರಿಕೆ ಮತ್ತು ಹಸಿರು ಟೋಪಿ. ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆಯಬೇಡಿ. ಚಿತ್ರ ಬಿಡಿಸಿದ ಹುಡುಗಿಯನ್ನು ಕೇಳಿ, ಅವಳು ಒಪ್ಪಿದರೆ ಅದನ್ನು ಬೋರ್ಡಿಗೆ ಅಂಟಿಸಿ. ತಪ್ಪು ನಿಮ್ಮದಲ್ಲ, ನನ್ನ ಕಥೆಯಲ್ಲೇ ತೂತುಗಳಿವೆ, ಹುಡುಕಿಕೊಡಿ ಎಂದು ಮಕ್ಕಳಿಗೆ ಹೇಳಿ. ಮಿಸ್ ಮಾಡಿದ ತಪ್ಪು ಹಿಡಿಯುವುದೆಂದರೆ ಅವರಿಗೆ ಹಬ್ಬ. ಶುರು ಮಾಡಲು ಒಂದು ಪ್ರಶ್ನೆ ಸಾಕು. ಬೇಸಿಗೆಯ ರಾತ್ರಿ ಸೆಖೆಯಲ್ಲಿ ನಾವು ಬೆವರುತ್ತಿರುತ್ತೇವೆ, ಶಾಖ ಬೇಕಾದಷ್ಟಿದೆ, ಹಾಗಾದರೆ ಆ ಹೊತ್ತಿನಲ್ಲಿ ಈ ಭಟ್ಟ ಯಾಕೆ ಕೆಲಸ ನಿಲ್ಲಿಸಿ ಕೂತಿದ್ದಾನೆ?